ಹಳಿಯನ್ನು ಅಲ್ಟ್ರಾಸೌಂಡ್‌ನಲ್ಲಿ ಪರೀಕ್ಷೆ ಮಾಡಿದ್ದರೂ ಚಳಿಗಾಲದಲ್ಲಿ ಮುರಿಯುವುದು ಯಾಕೆ?

ಚಳಿಯಿಂದ ಬಿರುಕು ಹುಟ್ಟುವುದಿಲ್ಲ. ಮೊದಲೇ ಇದ್ದ ಬಿರುಕನ್ನು ಚಳಿ ಎಳೆದು ಹರಿಯುತ್ತದೆ, ಅಷ್ಟೆ. ಎಂ.ಟೆಕ್‌ನಲ್ಲಿ ಹಳಿ ಬಿರುಕಿನ ಮೇಲೆಯೇ ತಲೆ ಕೆಡಿಸಿಕೊಂಡವನು ನಾನು, ಹಾಗಾಗಿ ಉತ್ತರ ಸ್ವಲ್ಪ ಉದ್ದ.

ಮೊದಲೆಲ್ಲ 13 ಮೀಟರಿಗೊಂದು ಸಂದು ಇರುತ್ತಿತ್ತು. ಈಗ ಕಿಲೋಮೀಟರ್‌ಗಟ್ಟಲೆ ಬೆಸೆದುಬಿಡುತ್ತಾರೆ, ರೈಲಿನ ಆ ಹಳೇ ಟಕಟಕ ಸದ್ದು ಕಮ್ಮಿಯಾಗಿರುವುದು ಅದಕ್ಕೇ. ತಣ್ಣಗಾದಾಗ ಹಳಿ ಕುಗ್ಗಲು ನೋಡುತ್ತದೆ, ಅದರ ಕೆಳಗೆ ಅಡ್ಡಲಾಗಿ ಹಾಕಿ ಅದನ್ನು ಬಿಗಿದ ಸ್ಲೀಪರ್‌ಗಳು ಬಿಡುವುದಿಲ್ಲ. ಮೀಟರಿಗೆ 60 ಕೆಜಿ ತೂಗುವ ಹಳಿಯಲ್ಲಿ ಒಂದು ಡಿಗ್ರಿ ಇಳಿದರೆ ಸುಮಾರು 1.9 ಟನ್ ಎಳೆತ. 20 ಡಿಗ್ರಿ ಇಳಿದರೆ 38 ಟನ್, ಅದೂ ಒಂದೊಂದು ಹಳಿಗೆ! ಗಟ್ಟಿ ಹಳಿಗೆ ಅದೇನೂ ಲೆಕ್ಕಕ್ಕಿಲ್ಲ. ಒಳಗೆ ಬಿರುಕಿದ್ದರೆ, ಬೆಸುಗೆ ಹಾಳಾಗಿದ್ದರೆ, ಬೆಳಗಿನ ಜಾವ ಒಂದು ರೈಲು ಹೋದರೆ ಸಾಕು.

ಹಾಗಾದರೆ ಪರೀಕ್ಷೆಯಲ್ಲಿ ಯಾಕೆ ಸಿಗಲಿಲ್ಲ ಅಂತ ತಾನೇ? ನಾನು ಒಂದು ದಿನ ಪರೀಕ್ಷೆ ಮಾಡುವ ತಂಡದ ಜೊತೆ ನಡೆದಿದ್ದೇನೆ. ಕಿವಿಗೆ ಕೇಳದ ಶಬ್ದವನ್ನು ಹಳಿಯೊಳಗೆ ಕಳಿಸಿ ಪ್ರತಿಧ್ವನಿ ನೋಡುವ, ಕೈಯಲ್ಲಿ ತಳ್ಳುವ ಗಾಡಿ, ಅದರಲ್ಲೊಂದು ನೀರಿನ ಡಬ್ಬ. ಹೊಟ್ಟೆ ಸ್ಕ್ಯಾನ್ ಮಾಡುವಾಗ ಜೆಲ್ ಹಚ್ಚುತ್ತಾರಲ್ಲ, ಇಲ್ಲಿ ಜೆಲ್ ಬದಲು ನೀರು, ಹಳಿ ಮೇಲೆ ಹನಿಸುತ್ತಲೇ ಹೋಗಬೇಕು. ಬೀಪ್ ಅಂತು. ಆಪರೇಟರ್ ಬಿಸಿಲಿಗೆ ಟವೆಲ್ ಅಡ್ಡ ಹಿಡಿದು ಪರದೆ ನೋಡಿದರು, ಗಾಡಿಯನ್ನು ನಾಲ್ಕು ಸಲ ಹಿಂದೆ ಮುಂದೆ ತಳ್ಳಿದರು, ಆಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದರು. ತೊಂದರೆ ಏನಂದರೆ ಹಳಿಯ ಪಾದದ, ಅಂದರೆ ಅಗಲವಾದ ತಳದ, ಅಂಚಿಗೆ ಮೇಲಿನಿಂದ ಕಳಿಸಿದ ಶಬ್ದ ಮುಟ್ಟುವುದಿಲ್ಲ. ಮೇಲ್ಮೈಯಲ್ಲಿ ಸಣ್ಣ ಬಿರುಕುಗಳ ಗುಂಪಿದ್ದರೆ ಶಬ್ದ ಅಲ್ಲಿಂದಲೇ ವಾಪಸ್, ಕೆಳಗೆ ದೊಡ್ಡದು ಅಡಗಿದ್ದರೂ ಕಾಣಲ್ಲ.

ಕಂಡರೂ ಮುಗಿಯಲಿಲ್ಲ. ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್‌ನಲ್ಲಿ 2000ದ ಅಕ್ಟೋಬರ್ 17ರಂದು ಲಂಡನ್‌ನಿಂದ ಲೀಡ್ಸ್‌ಗೆ ಹೊರಟಿದ್ದ ರೈಲಿನ ಕೆಳಗೆ ಹಳಿ ಚೂರುಚೂರಾಯಿತು, ನಾಲ್ವರು ಸತ್ತರು. ಆ ಹಳಿ ಬಿರುಕು ಬಿಟ್ಟಿದೆ, ಬದಲಿಸಬೇಕು ಅಂತ ಮೊದಲೇ ಗೊತ್ತಿತ್ತು! ಆಮೇಲೆ ದೇಶದ ತುಂಬ ನೂರಾರು ಕಡೆ ರೈಲುಗಳ ವೇಗ ಇಳಿಸಿದರು, ತಿಂಗಳುಗಟ್ಟಲೆ ವೇಳಾಪಟ್ಟಿಗೆ ಅರ್ಥವೇ ಇರಲಿಲ್ಲ. ಸಂಶೋಧನೆಯಲ್ಲಿ ಈಗ ಈ ಕಡೆಗೂ ಕೆಲಸ ನಡೆಯುತ್ತಿದೆ: ಯಾವ ಬಿರುಕು ಎಷ್ಟು ಬೇಗ ಬೆಳೆಯುತ್ತದೆ, ರೈಲು ನಿಲ್ಲಿಸಿ ಸಿಗುವ ಎರಡು ಮೂರು ಗಂಟೆಯಲ್ಲಿ ಯಾವುದನ್ನು ಮೊದಲು ಬದಲಿಸಬೇಕು ಅಂತ.

ನನಗೆ ತುಂಬ ಇಷ್ಟವಾದ ವಿಷಯ ಒಂದಿದೆ. ಹಳಿ ಸವೆಯುವುದು ಕೆಟ್ಟದ್ದು ಅಂದುಕೊಳ್ಳುತ್ತೇವೆ ಅಲ್ವಾ? ಮೆತ್ತಗಿನ ಹಳಿ ಸವೆಯುವಾಗ ಹೊಸದಾಗಿ ಹುಟ್ಟಿದ ಬಿರುಕೂ ಅದರ ಜೊತೆ ಉಜ್ಜಿಹೋಗುತ್ತದೆ. ಗಡಸು ಹಳಿ ಸವೆಯುವುದು ಕಮ್ಮಿ, ಆದ್ದರಿಂದ ಬಿರುಕು ಹುಟ್ಟಿದರೆ ಅಲ್ಲೇ ಉಳಿದು ಆಳಕ್ಕೆ ಇಳಿಯಬಹುದು. ಅದಕ್ಕೇ ಯಂತ್ರದಿಂದ ಬೇಕಂತಲೇ ಹಳಿಯ ಮೇಲ್ಪದರವನ್ನು ತೆಳ್ಳಗೆ ಉಜ್ಜಿ ತೆಗೆಯುತ್ತಾರೆ. ಜಾಸ್ತಿ ಉಜ್ಜಿದರೆ ಹಳಿಯ ಆಯಸ್ಸೇ ಕಮ್ಮಿ, ಕಮ್ಮಿ ಉಜ್ಜಿದರೆ ಬಿರುಕು ಗೆಲ್ಲುತ್ತದೆ.

ಚಳಿಗಾಲದಲ್ಲೇ ಸುದ್ದಿ ಬರುವುದಕ್ಕೆ ಇನ್ನೊಂದು ಕಾರಣವೂ ಇದೆ. ಮುರಿದ ಹಳಿಯ ಎರಡೂ ತುದಿ ಚಳಿಗೆ ಹಿಂದೆ ಸರಿದು ನಡುವೆ ಸಂದು ಬೀಳುತ್ತದೆ, ಭುಜದ ಮೇಲೆ ಸ್ಪ್ಯಾನರ್ ಹೊತ್ತು ಹಳಿ ನೋಡುತ್ತಾ ನಡೆಯುವ ರೈಲ್ವೆ ಕೆಲಸಗಾರ, ಕೀಮನ್, ಅವರ ಕಣ್ಣಿಗೆ ಅದು ಬೀಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅದೇ ಬಿರುಕು ಬಾಯಿ ಮುಚ್ಚಿಕೊಂಡು ಕೂತಿರುತ್ತದೆ.