ಮೂರು ತಿಂಗಳಲ್ಲಿ ಗೂಗಲ್‌ನ ಮೊದಲ ಸ್ಥಾನ ಗ್ಯಾರಂಟಿ ಎನ್ನುವ ಏಜೆನ್ಸಿಗೆ ಹಣ ಕೊಡಬಹುದೇ?

ಕೊಡಬೇಡಿ.

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ಗ್ರಾಹಕರ ಮನೆಗೇ ಹೋಗಿ ಮಾಡಿಕೊಡುವ ಪ್ಲಂಬಿಂಗ್ ಕೆಲಸ ನಿಮ್ಮದು. ಬೋರ್ಡು ಹಾಕಿದ ಅಂಗಡಿ ಇಲ್ಲ. ವೆಬ್‌ಸೈಟ್ ಇದೆ, ಆದರೆ ಹುಡುಕಿದವರಿಗೆ ಕಾಣುವುದಿಲ್ಲ. ಬಡಾವಣೆಗೊಂದರಂತೆ 40 ಪುಟ ಬರೆದು ಮೂರು ತಿಂಗಳಲ್ಲಿ ಮೇಲಕ್ಕೆ ತರುತ್ತೇವೆ ಎಂದು ಏಜೆನ್ಸಿಯೊಂದು ಮಾತು ಕೊಟ್ಟಿದೆ. ನಾನೂ ಇಂಥ ಸಣ್ಣ ಸೇವಾ ಉದ್ಯಮಗಳ ವೆಬ್‌ಸೈಟುಗಳನ್ನು ನೋಡಿಕೊಳ್ಳುವವನೇ. ಹಾಗಾಗಿ ಇನ್ನೊಬ್ಬರ ವ್ಯಾಪಾರದ ಬಗ್ಗೆ ನನ್ನ ಮಾತನ್ನು ಸ್ವಲ್ಪ ಸೋಸಿಯೇ ತೆಗೆದುಕೊಳ್ಳಿ. ಆದರೆ ಸ್ಥಳೀಯ ಫಲಿತಾಂಶಗಳಲ್ಲಿ, ಅಂದರೆ ಹತ್ತಿರದ ಉದ್ಯಮಗಳನ್ನು ನಕ್ಷೆಯೊಡನೆ ತೋರಿಸುವ ಪಟ್ಟಿಯಲ್ಲಿ, ಹಣ ಕೊಟ್ಟು ಮೇಲಿನ ಸ್ಥಾನ ಪಡೆಯಲು ಸಾಧ್ಯವಿಲ್ಲ ಎಂಬುದು ನನ್ನ ಅಭಿಪ್ರಾಯವಲ್ಲ, ಗೂಗಲ್ ತನ್ನ ಸಹಾಯ ಪುಟದಲ್ಲೇ ಬರೆದಿರುವ ಮಾತು. ಜಾಹೀರಾತಿನ ಲೆಕ್ಕ ಬೇರೆ. ಅದು ಜಾಹೀರಾತು ಎಂದು ಅದರ ಮೇಲೆಯೇ ಬರೆದಿರುತ್ತದೆ.

ಇಷ್ಟಕ್ಕೂ ‘ಮೊದಲ ಸ್ಥಾನ’ ಎಂದರೆ ಯಾರ ಮೊಬೈಲಿನಲ್ಲಿ? ನಕ್ಷೆಯ ಕೆಳಗೆ ಕಾಣುವ ಮೂರು ಹೆಸರುಗಳನ್ನು ಗೂಗಲ್ ಮುಖ್ಯವಾಗಿ ಮೂರು ಸಂಗತಿಗಳನ್ನು ನೋಡಿ ಆರಿಸುತ್ತದೆ: ಹುಡುಕಿದ ಮಾತಿಗೂ ನಿಮ್ಮ ಕೆಲಸಕ್ಕೂ ಇರುವ ಹೊಂದಾಣಿಕೆ, ಹುಡುಕಿದವರಿಂದ ನಿಮಗಿರುವ ದೂರ, ನಿಮ್ಮ ಉದ್ಯಮಕ್ಕೆ ಹೊರಗೆ ಇರುವ ಹೆಸರು. ಇವುಗಳಲ್ಲಿ ದೂರ ಯಾರ ಕೈಯಲ್ಲೂ ಇಲ್ಲ. ಒಂದೇ ಪದವನ್ನು ಕೆಲವು ಕಿಲೋಮೀಟರ್ ಆಚೀಚೆ ನಿಂತು ಹುಡುಕಿದ ಇಬ್ಬರಿಗೆ ಬೇರೆ ಬೇರೆ ಪಟ್ಟಿ ಬರಬಹುದು. ನಿಮ್ಮ ಮನೆಯಲ್ಲಿ ಕುಳಿತು ನೀವೇ ಹುಡುಕಿದಾಗ ನಿಮ್ಮ ಹೆಸರು ಮೇಲೆ ಬಂದರೆ ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಏಜೆನ್ಸಿಯವರು ತಿಂಗಳ ಕೊನೆಗೆ ಕಳುಹಿಸುವ ಸ್ಕ್ರೀನ್‌ಶಾಟನ್ನು ನೋಡುವಾಗ ಇದು ನೆನಪಿರಲಿ.

ನಿಮ್ಮಂಥವರಿಗೆ ವೆಬ್‌ಸೈಟಿಗಿಂತ ಮೊದಲು ಬೇಕಾದದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟದಲ್ಲೂ ನಕ್ಷೆಯಲ್ಲೂ ನಿಮ್ಮ ಹೆಸರು, ಫೋನ್ ನಂಬರ್, ಸಮಯ, ವಿಮರ್ಶೆಗಳನ್ನು ತೋರಿಸುವ ಪರಿಚಯ ಪುಟ. 2021ರವರೆಗೆ ಇದಕ್ಕೆ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿತ್ತು. ಹಳೆಯ ವೀಡಿಯೊಗಳಲ್ಲಿ ಆ ಹೆಸರು ಕೇಳಿಸಿದರೆ ಗೊಂದಲಪಡಬೇಡಿ. ಇದು ಉಚಿತ. ಅಂಗಡಿ ಇಲ್ಲದಿದ್ದರೂ ನಡೆಯುತ್ತದೆ: ವಿಳಾಸವನ್ನು ಮರೆಮಾಡಿ, ನೀವು ಹೋಗಿ ಕೆಲಸ ಮಾಡುವ ಪ್ರದೇಶಗಳನ್ನು ಮಾತ್ರ ತೋರಿಸಬಹುದು. ಹೀಗೆ 20 ಪ್ರದೇಶಗಳವರೆಗೆ ಸೇರಿಸಲು ಅವಕಾಶವಿದೆ. ಆದರೆ 20 ಹೆಸರು ತುಂಬಿದ ಮಾತ್ರಕ್ಕೆ ಇಪ್ಪತ್ತರಲ್ಲೂ ಮೇಲೆ ಬರುತ್ತೀರಿ ಎಂದಲ್ಲ. ಪ್ರೊಫೈಲ್ ನಿಮ್ಮದೇ ಎಂದು ದೃಢಪಡಿಸಲು ಈಗ ಅನೇಕರಿಗೆ ವೀಡಿಯೊ ಕೇಳುತ್ತಾರೆ. ಕತ್ತರಿಸದೆ, ಜೋಡಿಸದೆ ಒಂದೇ ಓಟದಲ್ಲಿ ತೆಗೆದ ವೀಡಿಯೊ ಅದಾಗಿರಬೇಕು. ಉಪಕರಣಗಳು, ಹೆಸರು ಬರೆದ ವಾಹನ, ಉದ್ಯಮದ ಕಾಗದಪತ್ರ, ಹೀಗೆ ಏನಿದೆಯೋ ಅದನ್ನು ಮೊದಲೇ ಒಂದೆಡೆ ಇಟ್ಟುಕೊಂಡರೆ ಕೆಲಸ ಸಲೀಸು.

ಪ್ರೊಫೈಲಿನಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಮುಖ್ಯ ವರ್ಗವನ್ನು. ಪ್ಲಂಬರ್ ಎಂದು ಇರಬೇಕಾದಲ್ಲಿ ‘ಕಟ್ಟಡ ಗುತ್ತಿಗೆದಾರ’ ಎಂದಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನ ಕಡಿಮೆ. ಇದನ್ನು ಸರಿಪಡಿಸಲು ಐದು ನಿಮಿಷ ಸಾಕು, ಆದರೂ ವರ್ಷಗಟ್ಟಲೆ ತಪ್ಪು ವರ್ಗದಲ್ಲೇ ಕುಳಿತವರಿದ್ದಾರೆ. ಇನ್ನು ಹೆಸರು. ‘ಅತ್ಯುತ್ತಮ ಅಗ್ಗದ 24 ಗಂಟೆ ಪ್ಲಂಬರ್’ ಎಂದು ಉದ್ಯಮದ ಹೆಸರಿಗೆ ಬಾಲ ಕಟ್ಟಬೇಡಿ. ಹಾಗೆ ಮಾಡಿದವರು ಕೆಲಕಾಲ ಮೇಲೆ ಕಾಣಿಸುವುದೂ ಉಂಟು, ಅದಕ್ಕೇ ಎಲ್ಲರಿಗೂ ಆಸೆಯಾಗುತ್ತದೆ. ಆದರೆ ಅದು ನಿಯಮಕ್ಕೆ ವಿರುದ್ಧ. ಪ್ರತಿಸ್ಪರ್ಧಿಯೊಬ್ಬರು ದೂರು ಕೊಟ್ಟರೆ ಪ್ರೊಫೈಲೇ ಅಮಾನತಾಗಬಹುದು. ಆಗ ಕರೆಗಳೂ ನಿಲ್ಲುತ್ತವೆ. ಸಮಯದ ವಿಷಯವೂ ಅಷ್ಟೆ. ರಾತ್ರಿ ಫೋನ್ ಎತ್ತದವರು 24 ಗಂಟೆ ಎಂದು ಹಾಕಿಕೊಂಡರೆ, ಮಧ್ಯರಾತ್ರಿ ಪೈಪ್ ಒಡೆದು ಕರೆ ಮಾಡಿದವರು ಒಂದು ನಕ್ಷತ್ರ ಕೊಟ್ಟೇ ಮಲಗುತ್ತಾರೆ.

ಈಗ ಆ 40 ಪುಟಗಳು. ಒಂದೇ ಬರಹದಲ್ಲಿ ಬಡಾವಣೆಯ ಹೆಸರನ್ನಷ್ಟೇ ಬದಲಿಸಿ ಪುಟಗಳ ರಾಶಿ ಹಾಕುವುದನ್ನು ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲೇ ಹೆಸರಿಸಿದೆ. ಅದನ್ನು ಡೋರ್‌ವೇ ಪುಟ ಎನ್ನುತ್ತಾರೆ. ಯಾವುದಾದರೂ ಪ್ರದೇಶದಲ್ಲಿ ನೀವು ನಿಜಕ್ಕೂ ಬಹಳ ಕೆಲಸ ಮಾಡಿದ್ದು, ಅಲ್ಲಿನ ಹಳೆಯ ಕೊಳವೆಗಳ ಬಗ್ಗೆಯೋ ನೀರಿನ ಗಡಸುತನದ ಬಗ್ಗೆಯೋ ಹೇಳಲು ನಿಮ್ಮಲ್ಲಿ ಮಾತಿದ್ದರೆ ಅದಕ್ಕೊಂದು ಪುಟ ಇರಲಿ. ಇಲ್ಲದಿದ್ದರೆ ಬೇಡ.

ಬಡಾವಣೆಗಲ್ಲ, ಕೆಲಸಕ್ಕೊಂದು ಪುಟ ಮಾಡಿ. ಸೋರುವ ನಲ್ಲಿಗೆ ಒಂದು, ಕಟ್ಟಿಕೊಂಡ ಡ್ರೈನ್‌ಗೆ ಒಂದು, ವಾಟರ್ ಹೀಟರ್‌ಗೆ ಒಂದು. ಪ್ಲಂಬಿಂಗ್ ವೆಬ್‌ಸೈಟುಗಳಲ್ಲಿ ಸಾಮಾನ್ಯವಾಗಿ ಇರುವ ವಾಕ್ಯ ಇದು: ‘ನಾವು ಗುಣಮಟ್ಟದ, ವಿಶ್ವಾಸಾರ್ಹ ಸೇವೆ ಒದಗಿಸುವ ಪ್ರಮುಖ ಸಂಸ್ಥೆ.’ ಇದನ್ನು ಯಾರೂ ಹುಡುಕುವುದಿಲ್ಲ, ಓದಿದವರಿಗೆ ಏನೂ ತಿಳಿಯುವುದೂ ಇಲ್ಲ. ಜನ ಹುಡುಕುವುದು ‘ಸಿಂಕ್‌ನಲ್ಲಿ ನೀರು ನಿಲ್ಲುತ್ತಿದೆ’ ಎಂದು. ಆ ಪುಟದಲ್ಲಿ ಹೀಗೆ ಬರೆಯಿರಿ: ‘ಸಿಂಕ್‌ನ ನೀರು ನಿಧಾನಕ್ಕೆ ಇಳಿಯುತ್ತಿದ್ದರೆ ಮೊದಲು ಅದರ ಕೆಳಗಿನ ಬಾಗಿದ ಪೈಪನ್ನು ಬಿಚ್ಚಿ ನೋಡುತ್ತೇವೆ, ಜಿಡ್ಡು ಹೆಚ್ಚಾಗಿ ಕೂರುವುದು ಅಲ್ಲಿಯೇ. ಬಾತ್‌ರೂಮಿನ ನೀರೂ ನಿಧಾನವಾಗಿದ್ದರೆ ಅಡ್ಡಿ ಮುಂದಿನ ದೊಡ್ಡ ಕೊಳವೆಯಲ್ಲಿ ಇರಬಹುದು. ಅದಕ್ಕೆ ಬೇರೆ ಉಪಕರಣ ಬೇಕು, ಸಮಯವೂ ಹೆಚ್ಚು. ಕರೆ ಮಾಡುವಾಗ ಎಷ್ಟು ಕಡೆ ನೀರು ನಿಲ್ಲುತ್ತಿದೆ ಎಂದು ತಿಳಿಸಿ.’ ಇದರ ಜೊತೆಗೆ ನೀವೇ ತೆಗೆದ ಒಂದೆರಡು ಫೋಟೊ, ದರ ಯಾವುದರ ಮೇಲೆ ನಿಂತಿದೆ ಎಂಬ ವಿವರಣೆ, ಒತ್ತಿದರೆ ನೇರವಾಗಿ ಕರೆ ಹೋಗುವ ನಂಬರ್ ಇದ್ದರೆ ಪುಟ ಮುಗಿಯಿತು. ಇಂಥ ಬರಹ ಏಜೆನ್ಸಿಯವರಿಗೆ ಬರುವುದಿಲ್ಲ, ಏಕೆಂದರೆ ಅವರು ಪೈಪ್ ಬಿಚ್ಚಿದವರಲ್ಲ. ನಿಮಗೆ ಬರೆಯಲು ಬೇಸರವೆಂದರೆ ಗ್ರಾಹಕರಿಗೆ ಫೋನಿನಲ್ಲಿ ಹೇಳುವುದನ್ನೇ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಆಮೇಲೆ ಬರಹಕ್ಕಿಳಿಸಿ.

ಹೊರಗಿನ ಹೆಸರು ಗಳಿಸಲು ನಿಮಗಿರುವ ದೊಡ್ಡ ದಾರಿ ವಿಮರ್ಶೆಗಳು. ಕೆಲಸ ಮುಗಿದು, ನೀರು ಸರಾಗವಾಗಿ ಹರಿಯುವುದನ್ನು ಗ್ರಾಹಕರು ಕಣ್ಣಾರೆ ಕಂಡ ಗಳಿಗೆಯಲ್ಲೇ ಕೇಳಿ. ಅಂದೇ ಲಿಂಕ್ ಕಳುಹಿಸಿ. ಮರುದಿನ ಕೇಳಿದರೆ ಅರ್ಧ ಜನ ಮರೆತಿರುತ್ತಾರೆ. ‘ಐದು ನಕ್ಷತ್ರ ಕೊಡಿ’ ಎನ್ನಬೇಡಿ, ‘ಯಾವ ತೊಂದರೆಗೆ ಕರೆದಿರಿ, ಏನು ಮಾಡಿದೆವು ಎಂದು ಎರಡು ಸಾಲು ಬರೆಯಿರಿ’ ಎನ್ನಿ. ಇದರಿಂದ ಓದುವವರಿಗೆ ನಂಬಿಕೆ ಬರುತ್ತದೆ. ವಿಮರ್ಶೆಗೆ ಬದಲಾಗಿ ರಿಯಾಯಿತಿ ಕೊಡುವುದು, ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದು ಎರಡನ್ನೂ ಗೂಗಲ್ ನಿಷೇಧಿಸಿದೆ. ಕೆಟ್ಟ ವಿಮರ್ಶೆ ಬಂದರೆ ಜಗಳಕ್ಕೆ ಇಳಿಯದೆ ಉತ್ತರ ಕೊಡಿ. ಆ ಉತ್ತರವನ್ನು ಓದುವವರು ಸಿಟ್ಟಾದ ಆ ಒಬ್ಬ ಗ್ರಾಹಕರಲ್ಲ, ನಾಳೆ ನಿಮ್ಮನ್ನು ಕರೆಯಬೇಕೋ ಬೇಡವೋ ಎಂದು ಯೋಚಿಸುತ್ತಿರುವವರು.

ಉಳಿದವು ಚಿಲ್ಲರೆ. ಉದ್ಯಮದ ಹೆಸರು ಮತ್ತು ಫೋನ್ ನಂಬರ್ ಎಲ್ಲ ಕಡೆ ಒಂದೇ ರೀತಿ ಇರಲಿ. ಆಪಲ್ ಮತ್ತು ಬಿಂಗ್ ನಕ್ಷೆಗಳಲ್ಲೂ ಒಮ್ಮೆ ನೋಂದಾಯಿಸಿ ಬಿಡಿ. ಮೆಟಾ ಕೀವರ್ಡ್ (ಪುಟದ ಕೋಡ್‌ನಲ್ಲಿ ಓದುಗರಿಗೆ ಕಾಣದಂತೆ ಬರೆಯುವ ಪದಗಳು) ತುಂಬುತ್ತೇವೆ ಎಂದು ಯಾರಾದರೂ ಬಿಲ್ಲಿನಲ್ಲಿ ಬರೆದರೆ, ಶ್ರೇಯಾಂಕಕ್ಕೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದ್ದನ್ನು ಅವರಿಗೆ ತಿಳಿಸಿ.

ಫಲ ಸಿಕ್ಕಿತೇ ಎಂದು ತಿಳಿಯಲು ಸ್ಥಾನವನ್ನು ಎಣಿಸಬೇಡಿ, ಕರೆಗಳನ್ನು ಎಣಿಸಿ. ಪ್ರೊಫೈಲಿನಿಂದ ಎಷ್ಟು ಕರೆ ಬಂದವು, ಯಾವ ಪದ ಹುಡುಕಿದವರಿಗೆ ನೀವು ಕಂಡಿರಿ ಎಂಬುದು ಪ್ರೊಫೈಲಿನಲ್ಲೇ ಸಿಗುತ್ತದೆ. ವೆಬ್‌ಸೈಟಿನ ಲೆಕ್ಕವನ್ನು ಸರ್ಚ್ ಕನ್ಸೋಲ್ ಎಂಬ ಗೂಗಲ್‌ನದೇ ಸಾಧನ ಉಚಿತವಾಗಿ ಕೊಡುತ್ತದೆ. ಹೊಸದಾಗಿ ಕರೆ ಮಾಡುವವರಿಗೆ ‘ನಮ್ಮ ನಂಬರ್ ಎಲ್ಲಿ ಸಿಕ್ಕಿತು?’ ಎಂದು ಕೇಳಿ ಡೈರಿಯಲ್ಲಿ ಗುರುತು ಹಾಕಿಕೊಳ್ಳಿ. ನನ್ನ ಮಟ್ಟಿಗೆ ಆ ಡೈರಿಯ ಲೆಕ್ಕಕ್ಕಿಂತ ನಂಬಿಗಸ್ತ ವರದಿ ಇನ್ನೊಂದಿಲ್ಲ.

ಇಷ್ಟಾದ ಮೇಲೂ ಸಮಯವಿಲ್ಲ, ಯಾರಿಗಾದರೂ ವಹಿಸುತ್ತೇನೆ ಎಂದರೆ ವಹಿಸಿ, ತಪ್ಪಿಲ್ಲ. ಆದರೆ ಪ್ರೊಫೈಲನ್ನು ನಿಮ್ಮ ಖಾತೆಯಿಂದಲೇ ತೆರೆಯಿರಿ. ಮುಖ್ಯ ಮಾಲೀಕರಾಗಿ ನೀವೇ ಇದ್ದು, ಅವರಿಗೆ ನಿರ್ವಾಹಕ ಎಂಬ ಹಂತದ ಪ್ರವೇಶ ಮಾತ್ರ ಕೊಡಿ. ವೆಬ್‌ಸೈಟಿನ ಡೊಮೈನ್, ಅಂದರೆ ಅದರ ಅಂತರ್ಜಾಲ ವಿಳಾಸ ಕೂಡ ನಿಮ್ಮ ಹೆಸರಿನಲ್ಲೇ ನೋಂದಣಿಯಾಗಿದೆಯೇ ಎಂದು ನೋಡಿ. ಸದ್ಯ ಮಾತನಾಡುತ್ತಿರುವ ಏಜೆನ್ಸಿಯವರು ಈ ಎರಡಕ್ಕೂ ಒಪ್ಪುತ್ತಾರೆಯೇ ಎಂದು ಇಂದೇ ಕೇಳಿ ನೋಡಿ.