ಕುದ್ರು ಮನೆಯೋ, ಕುಂದಾಪುರವೋ?

ಮೈಸೂರಿನ ಕುವೆಂಪುನಗರದಿಂದ ಓದುಗರೊಬ್ಬರು ಬರೆದ ಪತ್ರ ಇದು. ಹೆಸರು ಬೇಡ ಅಂದಿದ್ದಾರೆ.

"ನಾನು ಪಾಂಡವಪುರ ಕಡೆಯವಳು, ಹೈಸ್ಕೂಲ್ ಟೀಚರ್. ಬರುವ ಮೇ ತಿಂಗಳಲ್ಲಿ ನಿವೃತ್ತಿ. ನಮ್ಮ ಯಜಮಾನರು ಕುಂದಾಪುರ ಕಡೆಯವರು. ಹುಡುಗನಾಗಿದ್ದಾಗಲೇ ಹೋಟೆಲ್ ಕೆಲಸಕ್ಕೆ ಅಂತ ಮೈಸೂರಿಗೆ ಬಂದು, ಆಮೇಲೆ ಸ್ವಂತ ಹೋಟೆಲ್ ನಡೆಸಿದರು. ಈಗ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದಾರೆ. ಊರಿನ ಹೊಳೆ ಮಧ್ಯದ ಕುದ್ರುವಿನಲ್ಲಿ, ಅಂದರೆ ದ್ವೀಪದಲ್ಲಿ, ಹಿರಿಯರ ಮನೆ ಇದೆ. ಪಾಲಾಗಿಲ್ಲ. ಮೈದುನ, ವಾರಗಿತ್ತಿ ಅಲ್ಲೇ ಇದ್ದಾರೆ. ಸೇತುವೆ ಇಲ್ಲ, ದೋಣಿಯಲ್ಲೇ ದಾಟಬೇಕು. ಅಲ್ಲಿಗೆ ಹೋಗಿ ಇದ್ದುಬಿಡೋಣ ಅನ್ನುತ್ತಾರೆ. ನನ್ನ ನಿವೃತ್ತಿ ಹಣದಲ್ಲಿ ಮನೆ ರಿಪೇರಿ ಮಾಡಿಸೋದು ಅಂತ ಮೇಸ್ತ್ರಿಯನ್ನೂ ಕೇಳಿ ಆಗಿದೆ. ನನಗೆ ಕುಂದಾಪುರ ಪೇಟೆಯಲ್ಲೇ ಒಂದು ಮನೆ ಮಾಡಿದರೆ ಸಾಕು ಅನಿಸುತ್ತೆ. ಅವರಿಗೆ ಬಿಪಿ, ಶುಗರ್ ಇದೆ. ಹೋದ ವರ್ಷ ಸಣ್ಣದಾಗಿ ಸ್ಟ್ರೋಕ್ ಆಗಿತ್ತು. ಕುದ್ರುವಿನಲ್ಲಿ ತುಂಬಾ ಶಾಂತಿ ಇದೆ ಮೇಡಂ. ಆದರೆ ಆ ಶಾಂತಿ ಇಟ್ಟುಕೊಂಡು ನಾನೇನು ಮಾಡಲಿ? ಬೇಡ ಅಂದರೆ ಅವರ ಮನಸ್ಸು ನೋಯುತ್ತೆ ಅಂತ ಇನ್ನೂ ಹೇಳಿಲ್ಲ."

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಕುಂದಾಪುರ. ಅದೂ ಬಾಡಿಗೆ ಮನೆ. ಮೈಸೂರಿನ ಮನೆ ಮಾರುವ ಮಾತು ಸದ್ಯಕ್ಕೆ ಬೇಡ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ಸಾಲು. ಮೇಸ್ತ್ರಿಯನ್ನು ಕೇಳಿ ಆಗಿದೆ, ದುಡ್ಡು ಎಲ್ಲಿಂದ ಅನ್ನುವುದೂ ತೀರ್ಮಾನವಾಗಿದೆ. ನೀವು ಮಾತ್ರ ಬಾಯಿ ಬಿಟ್ಟಿಲ್ಲ. ನಿಮ್ಮ ಯಜಮಾನರು ನೀವು ಒಪ್ಪಿದ್ದೀರಿ ಅಂದುಕೊಂಡೇ ಮುಂದೆ ಹೋಗುತ್ತಿದ್ದಾರೆ. ಅದು ಅವರ ತಪ್ಪು ಅನ್ನಲಾರೆ. ಸುಮ್ನೆ ಇದ್ದವರನ್ನು ನೋಡಿ ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ?

ಅವರ ಆಸೆಯನ್ನೂ ಹಗುರ ಮಾಡಬೇಡಿ. ಕುಂದಾಪುರ ಕಡೆಯಿಂದ ಎಳೆ ವಯಸ್ಸಿನಲ್ಲೇ ಘಟ್ಟ ಹತ್ತಿ ಬಂದು, ಲೋಟ ತೊಳೆದು, ಆಮೇಲೆ ಗಲ್ಲಾ ಮೇಲೆ ಕೂತವರು ಮೈಸೂರು, ಬೆಂಗಳೂರು, ಮುಂಬೈಯಲ್ಲಿ ಬಹಳ ಜನ ಇದ್ದಾರೆ. ಬೆಳಗಿನ ಜಾವ ಎದ್ದು ಇಡ್ಲಿ ಹಿಟ್ಟು ನೋಡುವುದರಿಂದ ರಾತ್ರಿ ಷಟರ್ ಎಳೆಯುವವರೆಗೆ ಗದ್ದಲವೇ ಗದ್ದಲ. ಒಂದು ದಿನ ಊರಿಗೆ ವಾಪಸ್ ಹೋಗುತ್ತೇನೆ ಅನ್ನುವ ಯೋಚನೆಯೇ ಅಂಥವರಿಗೆ ರಾತ್ರಿ ನಿದ್ದೆ ತರಿಸಿರುತ್ತದೆ.

ಆದರೆ ಆ ಊರು ಅವರಿಗೆ ತಾಯಿಯ ಮನೆ, ನಿಮಗೆ ಗಂಡನ ಮನೆ. ಅವರು ಜಗುಲಿಯಲ್ಲಿ ಕೂತು ಹೊಳೆ ನೋಡುವಾಗ ನೀವು ಎಲ್ಲಿರುತ್ತೀರಿ? ವಾರಗಿತ್ತಿಯ ಅಡುಗೆಮನೆಯಲ್ಲಿ. ಆಕೆ ಒಳ್ಳೆಯವರೇ ಇರಬಹುದು. ಆದರೂ ಇಷ್ಟು ವರ್ಷ ಆ ಮನೆ ನಡೆಸಿಕೊಂಡು ಬಂದವರು ಅವರು. ಅರವತ್ತರಲ್ಲಿ ಹೋಗಿ, ಉಪ್ಪಿನ ಡಬ್ಬ ಎಲ್ಲಿದೆ ಅಂತ ಕೇಳುತ್ತಾ ನಿಲ್ಲುವುದು ಇಬ್ಬರಿಗೂ ಸುಖವಲ್ಲ. ಅಂದ ಹಾಗೆ, ಈ ವಿಷಯದಲ್ಲಿ ಆಕೆಯನ್ನು ಯಾರಾದರೂ ಕೇಳಿದ್ದೀರಾ? ಪತ್ರದಲ್ಲಿ ಆ ಸುಳಿವೇ ಇಲ್ಲ.

ದ್ವೀಪ ಅಂತ ಹೆದರಬೇಕಿಲ್ಲ. ಪಾಂಡವಪುರದವರು ನೀವು, ಮೈಸೂರಿಗೆ ಬರುವಾಗೆಲ್ಲ ಒಂದು ದ್ವೀಪ ದಾಟಿಯೇ ಬಂದಿದ್ದೀರಿ. ಶ್ರೀರಂಗಪಟ್ಟಣ, ಗಂಜಾಂ ಎಲ್ಲ ಕಾವೇರಿಯ ಎರಡು ಕವಲುಗಳ ಮಧ್ಯೆಯೇ ಇವೆ. ಅಲ್ಲಿ ಇರುವವರಿಗೆ ತಾವು ದ್ವೀಪದಲ್ಲಿದ್ದೇವೆ ಅನ್ನುವ ನೆನಪೂ ಇರುವುದಿಲ್ಲ. ಸೇತುವೆ ಇದೆ, ರೈಲು ನಿಲ್ಲುತ್ತದೆ, ಬಸ್ಸು ಬೇಕಾದಷ್ಟು. ನಿಮ್ಮ ಕುದ್ರುವಿಗೆ ಇಲ್ಲದ್ದು ಅದೇ. ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ತಿಂಗಳ ಮಾತ್ರೆ, ಕೆಟ್ಟ ಮಿಕ್ಸಿ, ಎಲ್ಲವೂ ಕಡವಿಗೆ ಬಂದು ದೋಣಿ ಹತ್ತಬೇಕು. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಿರುತ್ತದೆ. ನೀರು ಇಳಿದಾಗ ದಡದಲ್ಲಿ ಕೆಸರು. ಅಲ್ಲೇ ಹುಟ್ಟಿದವರಿಗೆ ಇದೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಮಂಡಿ ನೋವಿರುವ ಬಯಲುಸೀಮೆಯವರಿಗೆ ಬರುತ್ತದೆ.

ಮಳೆಯ ಮಾತಿಗೆ ಬರೋಣ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಉಡುಪಿ ಜಿಲ್ಲೆಯಲ್ಲಿ 4000 ಮಿ.ಮೀ. ದಾಟುತ್ತದೆ. ನಮಗೆ ಇಡೀ ವರ್ಷ ಸುರಿಯುವುದಕ್ಕಿಂತ ಜಾಸ್ತಿ ಅಲ್ಲಿ ಜುಲೈ ಒಂದರಲ್ಲೇ ಸುರಿಯುತ್ತದೆ. ನೀವು ಕುದ್ರು ನೋಡಿದ್ದು ಬೇಸಿಗೆ ರಜೆಯಲ್ಲಿ, ಟೀಚರ್ ಅಲ್ವಾ, ಬೇರೆ ಯಾವಾಗ ಹೋಗಿರುತ್ತೀರಿ? ಬೇಸಿಗೆಗೂ ಅದರದೇ ತಾಪತ್ರಯ ಇದೆ. ಹೊಳೆಯಲ್ಲಿ ಸಿಹಿನೀರು ಕಡಿಮೆಯಾಗಿ ಸಮುದ್ರದ ನೀರು ಒಳಗೆ ಬರುತ್ತದೆ, ದಂಡೆಯ ಬಾವಿಗಳು ಉಪ್ಪಾಗುತ್ತವೆ. ಸೆಕೆ, ತುಕ್ಕು ಹಿಡಿಯುವ ಕಿಟಕಿ ಸರಳು, ಒಣಗದ ಬಟ್ಟೆ ಪೇಟೆಯಲ್ಲೂ ಇವೆ. ಅದಕ್ಕೆ ಹೊಂದಿಕೊಳ್ಳಲೇಬೇಕು.

ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಸ್ಟ್ರೋಕ್ ವಿಷಯ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಂದು ಸಲ ಆದವರಿಗೆ ಮತ್ತೆ ಆಗುವ ಭಯ ಉಳಿದವರಿಗಿಂತ ಹೆಚ್ಚು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. ಕುಂದಾಪುರದಿಂದ ಮಣಿಪಾಲಕ್ಕೆ ಹೆದ್ದಾರಿಯಲ್ಲಿ ಸುಮಾರು 40 ಕಿ.ಮೀ. ಆಂಬುಲೆನ್ಸ್ ಮನೆ ಬಾಗಿಲಿಗೆ ಬರುತ್ತದೆ. ಜುಲೈ ತಿಂಗಳ ರಾತ್ರಿ ಎರಡು ಗಂಟೆಗೆ, ಕೆಂಪು ನೀರು ತುಂಬಿ ಹರಿಯುವಾಗ, ದೋಣಿಯವರನ್ನು ಎಬ್ಬಿಸಿ ಯಜಮಾನರನ್ನು ಮಲಗಿಸಿಕೊಂಡು ದಾಟಿಸಬೇಕಾದವರು ಯಾರು? ಈ ಪ್ರಶ್ನೆಯನ್ನು ನೀವು ಕೇಳುವುದಕ್ಕಿಂತ ಅವರ ಡಾಕ್ಟರ್ ಬಾಯಿಂದ ಕೇಳಿಸಿದರೆ ಚೆನ್ನ. ಮುಂದಿನ ಚೆಕಪ್‌ಗೆ ನೀವೂ ಜೊತೆಗೆ ಹೋಗಿ.

ಇನ್ನು ದುಡ್ಡು. ಇಲ್ಲಿ ನಾನು ಸ್ವಲ್ಪ ಬಿರುಸಾಗಿಯೇ ಹೇಳುತ್ತೇನೆ. ಪಾಲಾಗದ ಮನೆಗೆ ನಿಮ್ಮ ನಿವೃತ್ತಿಯ ಹಣ ಒಂದು ರೂಪಾಯಿಯೂ ಹೋಗಬಾರದು. ನೆಲ ಎಲ್ಲರದ್ದು, ಗೋಡೆಗೆ ಹಾಕಿದ ದುಡ್ಡು ನಿಮ್ಮದು. ನಾಳೆ ಪಾಲಿನ ಮಾತು ಬಂದಾಗ ಟೀಚರಮ್ಮನ ಗ್ರಾಚ್ಯುಟಿ ಯಾರಿಗೆ ನೆನಪಿರುತ್ತದೆ? ವಿಭಾಗ ಪತ್ರ ನೋಂದಣಿಯಾಗಿ, ಯಜಮಾನರ ಪಾಲು ಅವರ ಹೆಸರಿಗೆ ಖಾತೆಯಾಗಲಿ, ಆಮೇಲೆ ಮೇಸ್ತ್ರಿ. ಇನ್ನೊಂದು ವಿಷಯ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಸಮುದ್ರ ತೀರಕ್ಕೆ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ. ಉಬ್ಬರದ ನೀರು ಏರುವ ಹೊಳೆಗಳ ದಂಡೆಗೂ ಅದು ಅನ್ವಯಿಸುತ್ತದೆ. 2019ರ ಅಧಿಸೂಚನೆಯ ಪ್ರಕಾರ ಹಿನ್ನೀರಿನ ದ್ವೀಪಗಳಲ್ಲಿ ಉಬ್ಬರದ ಗೆರೆಯಿಂದ 20 ಮೀಟರ್ ಒಳಗೆ ಹೊಸದಾಗಿ ಮನೆ ಕಟ್ಟುವಂತಿಲ್ಲ. ಹಳೆ ಮನೆ ರಿಪೇರಿ ಅಂತ ಶುರುವಾಗಿ ಹೊಸ ಕೋಣೆ, ಹೊಸ ಬಚ್ಚಲು ಅಂತ ಬೆಳೆಯುತ್ತದೆ. ಪಂಚಾಯಿತಿಯಲ್ಲಿ ಮೊದಲೇ ವಿಚಾರಿಸಿ.

ಹಾಗಾದರೆ ಅವರ ಆಸೆ? ಅದನ್ನು ಪೂರ್ತಿ ಕಸಿದುಕೊಳ್ಳುವುದು ಬೇಡ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ, ಐದು ಹೊಳೆಗಳು ಸೇರುವ ಊರು ಕುಂದಾಪುರ. ಪೇಟೆಯ ಮೂರು ಕಡೆಯೂ ನೀರೇ. ಅವರು ಬೇಕಾದಾಗ ಬೆಳಿಗ್ಗೆ ದೋಣಿ ಹತ್ತಿ ಮನೆಗೆ ಹೋಗಲಿ, ತಮ್ಮನ ಜೊತೆ ತೋಟ ನೋಡಲಿ, ಊಟ ಮಾಡಿ ಅಲ್ಲೇ ಮಲಗಲಿ, ಬೇಕಾದರೆ ವಾರ ಉಳಿಯಲಿ. ದೀಪಾವಳಿ ಕಳೆದ ಮೇಲೆ ಹೊಳೆ ಶಾಂತವಾಗಿರುವಾಗ ನೀವೂ ಹೋಗಿ ಬನ್ನಿ. ನಿಮಗೆ ಪೇಟೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳು ಸಿಗುತ್ತಾರೆ, ಪಾಠ ಹೇಳಿಕೊಡಬಹುದು. ಭಾಷೆ ಮೊದಮೊದಲು ಅರ್ಧ ಅರ್ಥವಾಗುತ್ತದೆ, ಆ ಮಕ್ಕಳೇ ಕಲಿಸುತ್ತಾರೆ. ಮೈಸೂರಿನ ನೆನಪಾದರೆ ಮುರ್ಡೇಶ್ವರದ ರೈಲು ಕುಂದಾಪುರದ ಮೇಲೆಯೇ ಮೈಸೂರಿಗೆ ಬರುತ್ತದೆ. ಮಳೆಗಾಲದಲ್ಲಿ ಅದನ್ನೂ ಪೂರ್ತಿ ನಂಬಬೇಡಿ. 2024ರ ಜುಲೈ ಕೊನೆಗೆ ಎಡಕುಮೇರಿ ಹತ್ತಿರ ಗುಡ್ಡ ಕುಸಿದು ಆ ದಾರಿಯ ರೈಲುಗಳು ನಿಂತಿದ್ದವು.

ಹೇಳುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಅದೇ ನಿಮ್ಮ ನಿಜವಾದ ಕಷ್ಟ. "ಕುದ್ರು ಬೇಡ" ಅಂತ ಶುರು ಮಾಡಬೇಡಿ, ಅವರಿಗೆ "ನಿಮ್ಮ ಊರು ಬೇಡ" ಅಂತ ಕೇಳಿಸುತ್ತದೆ. "ನಿಮ್ಮ ಊರಿಗೆ ಬರ್ತೀನಿ, ಮೈಸೂರು ಬಿಟ್ಟು ಬರ್ತೀನಿ. ಆದರೆ ಆ ಮನೆಯಲ್ಲಿ ಇರಕ್ಕೆ ನನಗೆ ಆಗಲ್ಲ ರೀ" ಅನ್ನಿ. ಆರೋಗ್ಯದ ಮಾತು ಆಮೇಲೆ ಬರಲಿ. ಮೊದಲೇ ಅದನ್ನು ತಂದರೆ ನಿಮ್ಮ ಮನಸ್ಸಿನ ಮಾತು ಅದರ ಹಿಂದೆ ಅಡಗಿಕೊಂಡುಬಿಡುತ್ತದೆ. ಒಂದೆರಡು ದಿನ ಅವರು ಮುಖ ಊದಿಸಿಕೊಳ್ಳಬಹುದು. ಊದಿಸಿಕೊಳ್ಳಲಿ ಬಿಡಿ. ಆಗ ಸಮಾಧಾನ ಮಾಡಲು ಹೋಗಿ "ಆಯ್ತು, ನೋಡೋಣ" ಅಂದುಬಿಡಬೇಡಿ.

ಬಾಡಿಗೆ ಮನೆ ಹುಡುಕಲು ಇಬ್ಬರೂ ಒಟ್ಟಿಗೆ ಹೋಗಿ. ಏಪ್ರಿಲ್‌ನಲ್ಲಿ ಬಾವಿ ನೀರು ಉಪ್ಪಾಗುತ್ತದಾ ಅಂತ ಅಕ್ಕಪಕ್ಕದವರನ್ನು ಕೇಳಿ, ಮನೆ ಓನರ್ ಮಾತು ಸಾಲದು. ಕರಾರು ಹನ್ನೊಂದು ತಿಂಗಳಿಗೆ ಮಾಡಿಸಿ, ಮಳೆಗಾಲ ಪೂರ್ತಿ ಅದರೊಳಗೆ ಬರುವ ಹಾಗೆ. ಮತ್ತೆ ಮನೆ ಆದಷ್ಟೂ ಕಡವಿಗೆ ಹತ್ತಿರ ಇರಲಿ, ಯಜಮಾನರು ನಡೆದೇ ದೋಣಿಗೆ ಹೋಗುವಷ್ಟು.