ಕೂಸಿಗೆ ಮುನ್ನ ಕುಲಾವಿ

ಸೇಡಂ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: “ಮೂರು ತಿಂಗಳ ಹಿಂದಿನ ಸಂಚಿಕೆಯ ತಂತ್ರಜ್ಞಾನ ಅಂಕಣದಲ್ಲಿ, ಹೆಸರಾಂತ ಕಂಪನಿಯೊಂದರ ಹೊಸ ಸ್ಮಾರ್ಟ್‌ಫೋನ್ ಬರುವ ತಿಂಗಳು ಇಪ್ಪತ್ತು ಸಾವಿರದೊಳಗೆ ಸಿಗಲಿದೆ ಎಂದು ಅಚ್ಚಾಗಿತ್ತು. ಅದನ್ನು ನಂಬಿ, ಬಿ.ಎಸ್ಸಿ. ಓದುತ್ತಿರುವ ಮೊಮ್ಮಗಳಿಗೆ ಫೋನ್ ಕೊಡಿಸುವುದನ್ನು ಮುಂದೂಡಿದೆ. ಕಲಬುರಗಿಯ ಸೂಪರ್ ಮಾರ್ಕೆಟ್‌ನ ಅಂಗಡಿಯೊಂದರಲ್ಲಿ ಎರಡು ಸಾವಿರ ರೂಪಾಯಿ ಮುಂಗಡವನ್ನೂ ಕೊಟ್ಟೆ. ಫೋನ್ ಇನ್ನೂ ಬಂದಿಲ್ಲ. ಯೂಟ್ಯೂಬ್‌ನವರು ದೀಪಾವಳಿಗೆ ಎನ್ನುತ್ತಾರೆ, ಅಂಗಡಿಯವರು ಜನವರಿ ಎನ್ನುತ್ತಾರೆ. ಮೊಮ್ಮಗಳ ಹಳೆಯ ಫೋನಿನ ಬ್ಯಾಟರಿ ಉಬ್ಬಿ ನಿಂತಿದೆ. ಯಾರ ಮಾತನ್ನು ನಂಬಬೇಕು? ತಮ್ಮ ಪತ್ರಿಕೆಯ ಚಂದಾ ಮುಂದುವರಿಸಬೇಕೋ ಬೇಡವೋ ಎಂಬುದನ್ನು ಈ ಉತ್ತರ ನೋಡಿ ನಿರ್ಧರಿಸುತ್ತೇನೆ.”

ಮಾನ್ಯ ಗುರುಗಳೇ,

ತಮ್ಮ ಪತ್ರವನ್ನು ಅಂಕಣಕಾರರ ಮುಂದಿಟ್ಟು, ಆ ಸಾಲನ್ನು ಯಾವ ಆಧಾರದ ಮೇಲೆ ಬರೆದಿರಿ ಎಂದು ಕೇಳಿದೆ. ನಮ್ಮ ದೇಶದಲ್ಲಿ ಮಾರಾಟಕ್ಕೆ ಬರುವ ಮೊಬೈಲ್ ಮಾದರಿಗಳು ಸರಕುಗಳ ಗುಣಮಟ್ಟ, ಸುರಕ್ಷತೆಗಳನ್ನು ನೋಡುವ ಕೇಂದ್ರದ ಸಂಸ್ಥೆಯಾದ ಭಾರತೀಯ ಮಾನಕ ಬ್ಯೂರೋದಲ್ಲಿ (ಬಿಐಎಸ್) ಕಡ್ಡಾಯವಾಗಿ ನೋಂದಣಿಯಾಗಬೇಕು. ಆ ನೋಂದಣಿಯ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಆ ಕಂಪನಿಯ ಹೊಸ ಮಾದರಿ ಸಂಖ್ಯೆಯೊಂದು ಕಾಣಿಸಿಕೊಂಡಿತ್ತು, ಇನ್ನೇನು ಬಿಡುಗಡೆಯೇ ಉಳಿದಿದೆ ಎಂದು ಅವರು ಲೆಕ್ಕ ಹಾಕಿದ್ದರು. ಆದರೆ ಆ ಪಟ್ಟಿಯಲ್ಲಿ ಇರುವುದು ತಯಾರಕರ ಹೆಸರು ಮತ್ತು ಮಾದರಿ ಸಂಖ್ಯೆಯಂಥ ವಿವರಗಳೇ ಹೊರತು, ಮಾರಾಟದ ಬೆಲೆಯಾಗಲಿ ಬಿಡುಗಡೆಯ ದಿನಾಂಕವಾಗಲಿ ಅಲ್ಲ. “ಬರುವ ತಿಂಗಳು” ಎಂಬುದು ಅಂಕಣಕಾರರ ಊಹೆ, “ಇಪ್ಪತ್ತು ಸಾವಿರದೊಳಗೆ” ಎಂಬುದು ಅವರು ಬೇರೆಲ್ಲೋ ಓದಿದ ಇನ್ನೊಬ್ಬರ ಊಹೆ. ಈ ಎರಡನ್ನೂ ಸುದ್ದಿಯ ಧಾಟಿಯಲ್ಲಿ ಅಚ್ಚಿಗೆ ಬಿಟ್ಟ ತಪ್ಪು ಮಾತ್ರ ನನ್ನದು, ಏಕೆಂದರೆ ಆ ಪುಟವನ್ನು ಕೊನೆಯಲ್ಲಿ ನೋಡಿ ಸಹಿ ಹಾಕಿದವನು ನಾನು. ಕ್ಷಮೆ ಕೋರುತ್ತೇನೆ.

ಯಾರ ಮಾತನ್ನು ನಂಬಬೇಕು ಎಂಬ ತಮ್ಮ ಪ್ರಶ್ನೆಗೆ ನಮ್ಮ ಕಲಬುರಗಿಯ ಕಾಳುಕಡಿಯ ಮಾರುಕಟ್ಟೆ ನೆಹರೂ ಗಂಜ್‌ನಲ್ಲಿಯೇ ಅರ್ಧ ಉತ್ತರವಿದೆ. ತೊಗರಿಯ ಸುಗ್ಗಿಯಲ್ಲಿ, ಹೊರದೇಶದ ತೊಗರಿ ಬಂದರಿಗೆ ಬಂದಿದೆ, ನಾಳೆ ಧಾರಣೆ ಬೀಳುತ್ತದೆ ಎಂದು ಯಾರಾದರೂ ಹೇಳಿದರೆ, ಪಳಗಿದ ರೈತ ಮೊದಲು ನೋಡುವುದು ಹೇಳಿದವನು ಕೊಳ್ಳುವವನೋ ಮಾರುವವನೋ ಎಂಬುದನ್ನು. ಆಮೇಲೆ, ಹಡಗಿನ ಸುದ್ದಿ ಇವನ ಕಿವಿಗೆ ಬೀಳಲು ದಾರಿಯಾದರೂ ಇದೆಯೇ ಎಂಬುದನ್ನು. ಫೋನಿನ ವದಂತಿಯನ್ನೂ ಹೀಗೆಯೇ ಜರಡಿ ಹಿಡಿಯಬೇಕು. ಒಂದು ಫೋನಿನ ಯಾವ ವಿವರ ಯಾವ ಹಂತದಲ್ಲಿ ಯಾರ ಕೈಗೆ ಸಿಗುತ್ತದೆ ಎಂಬುದು ತಿಳಿದರೆ, ಯಾವ ಮಾತಿಗೆ ಎಷ್ಟು ತೂಕ ಎಂಬುದು ತಾನಾಗಿ ತಿಳಿಯುತ್ತದೆ.

ಹೊರಮೈಯ ಅಳತೆ, ಕ್ಯಾಮೆರಾದ ಜಾಗ, ಗುಂಡಿಗಳ ಸ್ಥಾನ ಇವು ಬಿಡುಗಡೆಗೆ ತಿಂಗಳುಗಳ ಮೊದಲೇ ನಿಶ್ಚಯವಾಗಬೇಕಾದವು, ಏಕೆಂದರೆ ಅಚ್ಚು ತಯಾರಾಗದೆ ಲಕ್ಷಗಟ್ಟಲೆ ಫೋನ್ ಮಾಡಲಾಗದು. ಬಿಡಿಭಾಗ ಮಾಡುವ ಕಾರ್ಖಾನೆಗಳು ಹಲವು, ಅಲ್ಲಿ ದುಡಿಯುವ ಕೈಗಳು ಸಾವಿರಾರು. ಅಲ್ಲಿಂದ ಒಂದು ನಕ್ಷೆ ಹೊರಬಿದ್ದರೆ ಅದಕ್ಕೆ ಮೊದಲ ಗಿರಾಕಿಗಳು ಫೋನಿನ ಕವರ್ ತಯಾರಿಸುವವರು. ಫೋನ್ ಅಂಗಡಿಗೆ ಬಂದ ದಿನವೇ ಅದರ ಕವರ್ ಕೂಡ ಪಕ್ಕದಲ್ಲಿ ತೂಗಾಡಬೇಕಾದರೆ ಅವರು ಮುಂಚೆಯೇ ಹೊಲಿದಿಟ್ಟಿರಬೇಕು. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬ ಗಾದೆ ಈ ವ್ಯಾಪಾರದಲ್ಲಿ ಹಾಸ್ಯವಲ್ಲ, ದಿನನಿತ್ಯದ ಪದ್ಧತಿ. ಆದ್ದರಿಂದಲೇ ಆಕಾರದ ಕುರಿತ ವದಂತಿಗಳು ಬಹಳಷ್ಟು ಸಲ ನಿಜವಾಗುತ್ತವೆ.

ಬಹಳಷ್ಟು ಸಲ ಎಂದೆ, ಯಾವಾಗಲೂ ಎನ್ನಲಿಲ್ಲ. ಒಂದೇ ಕಂಪನಿಯ ಎರಡು ವರ್ಷಗಳ ಕಥೆಯನ್ನು ನೋಡಿ. 2010ರ ವಸಂತದಲ್ಲಿ ಆಪಲ್‌ನ ಎಂಜಿನಿಯರ್ ಒಬ್ಬರು ಇನ್ನೂ ಪ್ರಕಟವಾಗದ ಫೋನೊಂದನ್ನು ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಬಿಯರ್ ಅಂಗಡಿಯಲ್ಲಿ ಮರೆತುಬಂದರು. ಹಳೆಯ ಮಾದರಿಯಂತೆ ಕಾಣಲೆಂದು ಅದಕ್ಕೆ ವೇಷದ ಕವರ್ ತೊಡಿಸಲಾಗಿತ್ತು. ಅದು ಕೈಯಿಂದ ಕೈಗೆ ಹೋಗಿ, ಗಿಜ್ಮೋಡೊ ಎಂಬ ಸುದ್ದಿತಾಣ 5,000 ಡಾಲರ್ ತೆತ್ತು ಪಡೆದು, ಏಪ್ರಿಲ್ 19ರಂದು ಬಿಚ್ಚಿದ ಚಿತ್ರಗಳ ಸಮೇತ ಪ್ರಕಟಿಸಿತು. ಜೂನ್ 7ರಂದು ಆಪಲ್‌ನ ಆಗಿನ ಮುಖ್ಯಸ್ಥ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಎತ್ತಿ ತೋರಿಸಿದ ಐಫೋನ್ 4 ಅದೇ ಆಗಿತ್ತು. ಮರುವರ್ಷ ಎಲ್ಲರಿಗೂ ಧೈರ್ಯ ಬಂದಿತ್ತು. ತೆಳ್ಳಗೆ ಹನಿಯ ಆಕಾರದ ಐಫೋನ್ 5 ಬರುತ್ತದೆ ಎಂದು ನಕ್ಷೆಗಳು ಹರಿದಾಡಿದವು, ಕವರ್ ತಯಾರಕರು ಆ ಅಳತೆಗೆ ಕವರ್ ಮಾಡಿಟ್ಟರು. 2011ರ ಅಕ್ಟೋಬರ್ 4ರಂದು ಬಂದದ್ದು ಐಫೋನ್ 4ಎಸ್, ಹೊರಮೈ ಹೆಚ್ಚುಕಡಿಮೆ ಹಿಂದಿನ ಫೋನಿನದೇ. ಮೊದಲ ವರ್ಷ ಕೈಯಲ್ಲಿ ಫೋನೇ ಇತ್ತು. ಎರಡನೆಯ ವರ್ಷ ಇದ್ದದ್ದು ನಕ್ಷೆ, ಅದೂ ಯಾರು ಬರೆದದ್ದೆಂದು ಗೊತ್ತಿಲ್ಲದ್ದು.

ಕಂಪನಿಗಳು ಮೊದಲೇ ಬಾಯಿಬಿಟ್ಟು ಹೇಳಬಾರದೇ ಎಂದು ತಮಗೆ ಅನಿಸಬಹುದು. ಹೊಸದು ಬರುತ್ತದೆ ಎಂದೊಡನೆ ಹಳೆಯದರ ಮಾರಾಟ ನಿಲ್ಲುತ್ತದೆ ಎಂಬುದೇ ಅವರ ಭಯ. ಅಮೆರಿಕದ ಆಸ್ಬರ್ನ್ ಕಂಪ್ಯೂಟರ್ ಕಂಪನಿ ಮುಂದಿನ ಮಾದರಿಯ ಬಗ್ಗೆ ಅವಸರದಲ್ಲಿ ಮಾತನಾಡಿ 1983ರಲ್ಲಿ ದಿವಾಳಿಯಾಯಿತು ಎಂಬ ಕಥೆಯನ್ನು ಈ ಉದ್ಯಮದಲ್ಲಿ ಇಂದಿಗೂ ಹೇಳುತ್ತಾರೆ. ದಿವಾಳಿಗೆ ಬೇರೆ ಕಾರಣಗಳೂ ಇದ್ದವು ಎನ್ನುವವರಿದ್ದರೂ, ಭಯ ಮಾತ್ರ ಉಳಿದುಕೊಂಡಿದೆ. ಹಾಗೆಂದು ಕಂಪನಿಗಳನ್ನು ಪೂರ್ತಿ ಮುಗ್ಧರೆಂದು ತಿಳಿಯಬೇಕಾಗಿಲ್ಲ. ಬಿಡುಗಡೆಗೆ ಕೆಲವು ವಾರಗಳಿರುವಾಗ ಅರ್ಧ ತೋರಿಸಿ ಅರ್ಧ ಮುಚ್ಚಿದ ಚಿತ್ರಗಳನ್ನು ಅವರೇ ಹರಿಯಬಿಡುತ್ತಾರೆ. ಯೂಟ್ಯೂಬ್‌ನವರಿಗೆ ನೋಡುಗರು ಬೇಕು, ಅಂಗಡಿಯವರಿಗೆ ಮುಂಗಡ ಬೇಕು. ನಮಗೂ ಆ ತಿಂಗಳು ಅಂಕಣದ ಪುಟ ತುಂಬಬೇಕಾಗಿತ್ತು.

ತಾವು ಮೋಸಹೋದದ್ದು ಆಕಾರದ ವಿಷಯದಲ್ಲಲ್ಲ, ಬೆಲೆ ಮತ್ತು ದಿನಾಂಕದ ವಿಷಯದಲ್ಲಿ. ವದಂತಿಗಳಲ್ಲಿ ಅತ್ಯಂತ ಟೊಳ್ಳಾದವು ಈ ಎರಡೇ. ದಿನಾಂಕವನ್ನು ಕಂಪನಿಯೇ ಬಹಿರಂಗವಾಗಿ ಹೇಳಿದರೂ ಕೆಲವೊಮ್ಮೆ ನಿಲ್ಲುವುದಿಲ್ಲ. 2021ರ ಜೂನ್ 24ರಂದು ರಿಲಯನ್ಸ್ ತನ್ನ ಷೇರುದಾರರ ಸಭೆಯಲ್ಲಿ ಜಿಯೋಫೋನ್ ನೆಕ್ಸ್ಟ್ ಅನ್ನು ಪ್ರಕಟಿಸಿ, ಸೆಪ್ಟೆಂಬರ್ 10ರ ಗಣೇಶ ಚತುರ್ಥಿಗೆ ಮಾರುಕಟ್ಟೆಗೆ ತರುವುದಾಗಿ ಹೇಳಿತು. ಮೂರೂವರೆ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ ಎಂಬ ಮಾತು ಎಲ್ಲೆಡೆ ಹಬ್ಬಿತ್ತು. ಚತುರ್ಥಿ ಬಂದಾಗ, ಜಗತ್ತಿನಾದ್ಯಂತ ಚಿಪ್‌ಗಳ ಕೊರತೆಯಿದೆ, ದೀಪಾವಳಿಗೆ ಕೊಡುತ್ತೇವೆ ಎಂದರು. ನವೆಂಬರ್ 4ರಂದು ಬಂತು, ಬೆಲೆ 6,499 ರೂಪಾಯಿ. ಕಂಪನಿ ತಾನೇ ಕೊಟ್ಟ ದಿನಾಂಕಕ್ಕೆ ಈ ಗತಿಯಾದರೆ, ಕಂಪನಿ ಬಾಯಿಬಿಡದ ಫೋನಿಗೆ ನಮ್ಮ ಅಂಕಣಕಾರರು ಕೊಟ್ಟ ದಿನಾಂಕದ ಗತಿಯನ್ನು ತಾವೇ ಕಂಡಿದ್ದೀರಿ.

ಬೆಲೆಯಂತೂ ಕಟ್ಟಕಡೆಗೆ ತೀರ್ಮಾನವಾಗುವ ಸಂಗತಿ. ಡಾಲರಿನ ಎದುರು ರೂಪಾಯಿ ಎಲ್ಲಿದೆ, ಎದುರಾಳಿ ಕಂಪನಿ ಆ ವಾರ ಎಷ್ಟಕ್ಕೆ ಮಾರುತ್ತಿದೆ, ತೆರಿಗೆ ಎಷ್ಟು ಎಂಬುದೆಲ್ಲವೂ ಅದರಲ್ಲಿ ಸೇರುತ್ತದೆ. ಮೊಬೈಲ್ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್ 1ರಿಂದ ಶೇ 12ರ ಬದಲು ಶೇ 18 ಆಯಿತು. 2024ರ ಜುಲೈ ಬಜೆಟ್‌ನಲ್ಲಿ ಮೂಲ ಆಮದು ಸುಂಕ ಶೇ 20ರಿಂದ 15ಕ್ಕೆ ಇಳಿಯಿತು. ಅಮೆರಿಕದ ಬೆಲೆಯನ್ನು ರೂಪಾಯಿಗೆ ಗುಣಿಸಿ ಹೇಳುವವರ ಲೆಕ್ಕ ಕಲಬುರಗಿಗೆ ಹೊಂದುವುದಿಲ್ಲ. ಐಫೋನುಗಳು ನಮ್ಮದೇ ರಾಜ್ಯದ ನರಸಾಪುರ, ದೇವನಹಳ್ಳಿಗಳಲ್ಲಿ ಜೋಡಣೆಯಾಗುತ್ತಿದ್ದರೂ ಅವುಗಳ ಬೆಲೆಯ ಸುದ್ದಿ ಅಲ್ಲಿನವರಿಗೂ ಮೊದಲು ತಿಳಿಯುವುದಿಲ್ಲ.

ಕಾಯುವುದರಿಂದ ಲಾಭವೇ ಇಲ್ಲವೆಂದು ಹೇಳಲಾರೆ. ಆ ಲಾಭ ಹೊಸ ಫೋನಿನಲ್ಲಿರುವುದಕ್ಕಿಂತ ಹೆಚ್ಚಾಗಿ ಹಳೆಯದರಲ್ಲಿರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಐಫೋನ್ 16 ಬಂದದ್ದು 79,900 ರೂಪಾಯಿಗೆ, ಹಿಂದಿನ ವರ್ಷ ಐಫೋನ್ 15 ಬಂದ ಬೆಲೆಗೇ. ಆದರೆ ಅಂದೇ ಐಫೋನ್ 15ರ ಬೆಲೆ ಹತ್ತು ಸಾವಿರ ಇಳಿಯಿತು. ಪ್ರಕಟಣೆಯ ದಿನ ನಿಗದಿಯಾಗಿ ಕೆಲವೇ ವಾರ ಉಳಿದಿದ್ದರೆ ಹೀಗೆ ಕಾಯಬಹುದು. ದಿನವೇ ನಿಗದಿಯಾಗದ ಫೋನಿಗೆ ಕಾಯುವುದು ಸಲ್ಲದು, ಅದರಲ್ಲೂ ಉಬ್ಬಿದ ಬ್ಯಾಟರಿಯನ್ನು ಜೊತೆಗಿಟ್ಟುಕೊಂಡು. ಆ ಫೋನನ್ನು ಇನ್ನು ಚಾರ್ಜ್‌ಗೆ ಹಾಕಬೇಡಿ, ಒತ್ತಿ ನೋಡಬೇಡಿ, ಸರ್ವಿಸ್ ಸೆಂಟರ್‌ಗೆ ಒಪ್ಪಿಸಿ. ಮೊಮ್ಮಗಳಿಗೆ ಇಂದು ಅಂಗಡಿಯಲ್ಲಿ ಸಿಗುವ, ಕೈಯಲ್ಲಿ ಹಿಡಿದು ನೋಡಬಹುದಾದ ಫೋನನ್ನೇ ಕೊಡಿಸಿ.

ಮುಂಗಡದ ಮಾತು. ಕಂಪನಿಯ ಅಧಿಕೃತ ಬುಕಿಂಗ್ ಸಾಮಾನ್ಯವಾಗಿ ಆರಂಭವಾಗುವುದು ಫೋನ್ ಪ್ರಕಟವಾದ ನಂತರ. ಪ್ರಕಟವಾಗದ ಫೋನಿಗೆ ಅಂಗಡಿಯವರು ಪಡೆದ ಹಣ ಅವರ ಮತ್ತು ತಮ್ಮ ನಡುವಿನ ವ್ಯವಹಾರ. ರಸೀದಿ ಇದ್ದರೆ ಅದನ್ನು ತೋರಿಸಿ ಹಣ ಮರಳಿ ಕೇಳಿ, ಅಥವಾ ಈಗ ಕೊಳ್ಳುವ ಫೋನಿನ ಬೆಲೆಯಲ್ಲಿ ಮುರಿದುಕೊಳ್ಳಲು ಹೇಳಿ. ಸೂಪರ್ ಮಾರ್ಕೆಟ್‌ನ ವ್ಯಾಪಾರಿಗಳು ಎರಡನೆಯದಕ್ಕೆ ಬೇಗ ಒಪ್ಪುತ್ತಾರೆ ಎಂಬುದು ನನ್ನ ಅನುಭವ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಈ ಸಂಚಿಕೆಯಿಂದ, ಕಂಪನಿ ಪ್ರಕಟಿಸದ ಫೋನಿನ ಬೆಲೆ ಮತ್ತು ದಿನಾಂಕವನ್ನು ಅಂಕಣದಲ್ಲಿ ಅಚ್ಚು ಮಾಡುವುದಿಲ್ಲ. ಆಕಾರದ ಸುದ್ದಿಯಾದರೆ ಅದು ಎಲ್ಲಿಂದ ಬಂತೆಂಬುದನ್ನು ಅದೇ ವಾಕ್ಯದಲ್ಲಿ ಹೇಳುತ್ತೇವೆ. ಚಂದಾದ ನಿರ್ಧಾರ ತಮಗೇ ಬಿಟ್ಟದ್ದು. ಅಂಕಣಕಾರರೂ ತಮ್ಮ ಕ್ಷಮೆ ಕೇಳಿದ್ದಾರೆ. ಅವರು ಆ ಫೋನಿಗಾಗಿಯೇ ಕಾಯುತ್ತ, ಗಾಜು ಒಡೆದ ಹಳೆಯ ಫೋನಿಗೆ ಟೇಪು ಹಚ್ಚಿಕೊಂಡು ಇದೇ ಕಚೇರಿಯಲ್ಲಿ ಓಡಾಡುತ್ತಿದ್ದಾರೆ.

ಸಂಪಾದಕ